ಮಂಗಳವಾರದ ಮ್ಯಾಚ್ ಬಿಟ್ಬಿಡು ಪುಟ್ಟಿ

ಪುಟ್ಟಿ,

ನೀನು ಫೋನ್ ಕಟ್ ಮಾಡಿದ್ಮೇಲೆ ಮತ್ತೆ ಮಾಡೋಣ ಅಂತಿದ್ದೆ, ಆಮೇಲೆ ಬೇಡ ಅನ್ನಿಸ್ತು, ಫೋನಲ್ಲಿ ನಾವಿಬ್ರೂ ಶುರು ಹಚ್ಕೊಂಡ್ರೆ ಎರಡನೇ ನಿಮಿಷಕ್ಕೇ ದನಿ ಏರುತ್ತೆ. ಅದಕ್ಕೆ ಬರೀತಿದೀನಿ. ಬಸ್ ಡಿಪೋ ರೆಸ್ಟ್ ರೂಮಲ್ಲಿ ಕೂತು ಒಂದೇ ಬೆರಳಲ್ಲಿ ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಹೊಂದಿಸ್ಕೊಂಡು ಓದು, ಅರ್ಧಕ್ಕೆ ಮಾತ್ರ ಬಿಡ್ಬೇಡ.

ನಾನು ಫುಟ್‌ಬಾಲ್ ಬಿಡು ಅಂದಿಲ್ಲ ಕಣಮ್ಮ. ನಾಳೆ ಮಂಗಳವಾರದ ಲೀಗ್ ಮ್ಯಾಚ್ ಒಂದು ಬಿಡು ಅಂದೆ ಅಷ್ಟೇ. ಭಾನುವಾರ ಸಂಜೆ ಪೂರ್ತಿ 90 ನಿಮಿಷ ಆಡಿದೀಯ, ಬುಧವಾರ ರಾತ್ರಿ ಯೂನಿವರ್ಸಿಟಿ ಟೀಮ್ ಜೊತೆ ಟೂರ್ನಮೆಂಟಿಗೆ ಟ್ರೈನ್ ಹತ್ಬೇಕು, ಅಲ್ಲಿಗೆ ಹೋದ್ಮೇಲೆ ಗೆದ್ದಷ್ಟೂ ದಿನ ದಿನಾ ಒಂದೊಂದು ಮ್ಯಾಚು. ಮಧ್ಯೆ ಇದೊಂದು ಯಾಕೆ? ಇಷ್ಟೇ ಕೇಳಿದ್ದು. ಅದಕ್ಕೆ ನೀನು "ನಿಂಗೆ ನಾನು ಆಡೋದೇ ಇಷ್ಟ ಇಲ್ಲ" ಅಂದ್ಬಿಟ್ಟೆ. ನಿನ್ನ ಆಟಕ್ಕೆ ಏನೇನು ಆಯ್ತು, ಯಾರ್ಯಾರ ಜೊತೆ ಜಗಳ ಆಡಿದ್ದು, ಅದೆಲ್ಲ ನಿಂಗೂ ಗೊತ್ತು ನಂಗೂ ಗೊತ್ತು, ಈಗ ಬೇಡ ಬಿಡು.

ನೀನು ಅಂದ್ಯಲ್ಲ, ಬೆಳಗ್ಗೆ ಎರಡು ಸ್ಪ್ರಿಂಟ್ ಹೊಡೆದು ನೋಡ್ದೆ ಅಪ್ಪ, ಆರಾಮಾಗಿದೀನಿ ಅಂತ. ಅದನ್ನ ಕೇಳಿದ್ಮೇಲೇ ನಂಗೆ ಜಾಸ್ತಿ ಭಯ ಆಗಿದ್ದು. ಎದುರುಮನೆ ಹುಡುಗ ಫಿಸಿಯೋಥೆರಪಿ ಓದ್ತಾನಲ್ಲ, ಅವನನ್ನ ಕೂರಿಸ್ಕೊಂಡು ಓದಿಸ್ದೆ. ಸ್ವೀಡನ್ ನಾರ್ವೆ ಕಡೆ ಸಂಶೋಧಕರು 2008ರಲ್ಲಿ ಒಂದು ಸ್ಟಡಿ ಬರೆದಿದಾರೆ, ದೊಡ್ಡ ಮಟ್ಟದಲ್ಲಿ ಆಡೋ ಹೆಣ್ಮಕ್ಕಳಿಗೆ 72 ಗಂಟೆ ಅಂತರದಲ್ಲಿ ಎರಡು ಮ್ಯಾಚ್ ಆಡಿಸಿ ಮಧ್ಯೆ ಮಧ್ಯೆ ಅಳತೆ ತಗೊಂಡಿದಾರೆ. ಓಡೋ ಸ್ಪೀಡು 5 ಗಂಟೆಗೇ ಮೊದಲಿನ ಹಾಗೆ ಬಂದಿತ್ತಂತೆ. ತೊಡೆ ಮುಂಭಾಗದ ಶಕ್ತಿ ಬರೋಕೆ ಒಂದು ದಿನದ ಮೇಲಾಯ್ತು. ತೊಡೆ ಹಿಂದಿಂದು, ನೀವು ಹ್ಯಾಮ್‌ಸ್ಟ್ರಿಂಗ್ ಅಂತೀರಲ್ಲ, ಅದಕ್ಕೆ 51 ಗಂಟೆ. ನಿಂತಲ್ಲಿಂದ ಮೇಲಕ್ಕೆ ನೆಗೆಯೋ ಶಕ್ತಿ ಇದ್ಯಲ್ಲ, ಅದು ಎರಡನೇ ಮ್ಯಾಚ್ ಶುರುವಾಗೋ ಹೊತ್ತಿಗೂ ಪೂರ್ತಿ ಬಂದಿರ್ಲಿಲ್ಲ. ನಿನ್ನ ಮ್ಯಾಚ್ ಭಾನುವಾರ ಆರಕ್ಕೆ ಮುಗೀತು, ನಾಳೆ ನಾಲ್ಕಕ್ಕೆ ಶುರು. ಲೆಕ್ಕ ನೀನೇ ಹಾಕು, 46 ಗಂಟೆ.

ಅಂದ್ರೆ ಓಡಿ ನೋಡಿದ್ರೆ ಎಲ್ಲ ಸರಿ ಇದೆ ಅನ್ಸುತ್ತೆ, ಆದ್ರೆ ನೆಗೆದು ನೆಲಕ್ಕೆ ಬಂದಾಗ ಮಂಡಿ ಹಿಡ್ಕೊಳೋ ಸ್ನಾಯು ಇನ್ನೂ ತಯಾರಾಗಿರಲ್ಲ. ಸಕಲೇಶಪುರದವರೆಗೂ ಗಾಡಿ ಚೆನ್ನಾಗೇ ಓಡುತ್ತೆ, ಬ್ರೇಕ್ ಹೆಂಗಿದೆ ಅನ್ನೋದು ಶಿರಾಡಿ ಇಳಿಯುವಾಗ ಗೊತ್ತಾಗೋದು. ನೀನು ಡಿಫೆಂಡರ್, ಕಾರ್ನರ್ ಬಂದಾಗೆಲ್ಲ ಗುಂಪಲ್ಲಿ ನೆಗೆಯೋಳು ನೀನೇ, ಇಳಿಯೋಳೂ ನೀನೇ.

ನಿನ್ನ ರೂಮ್ ಗೋಡೇಲಿ ಫೋಟೋ ಅಂಟಿಸಿದೀಯಲ್ಲ ಲಿಯಾ ವಿಲಿಯಮ್ಸನ್, ಇಂಗ್ಲೆಂಡ್ ಕ್ಯಾಪ್ಟನ್, ಅವಳೂ ಡಿಫೆಂಡರ್ರೇ. 2023ರ ಏಪ್ರಿಲಲ್ಲಿ ಮಂಡಿ ಒಳಗಿನ ಎಸಿಎಲ್ ಅನ್ನೋ ಲಿಗಮೆಂಟ್ ಹರಿದು ಆ ವರ್ಷದ ವರ್ಲ್ಡ್ ಕಪ್ಪೇ ತಪ್ಪಿಹೋಯ್ತು. ಸ್ಪೇನಿನ ಆಟಗಾರ್ತಿ ಪುತೆಯಾಸ್‌ಗೆ 2022ರಲ್ಲಿ ಯೂರೋ ಕಪ್ ಶುರುವಾಗೋಕೆ ಮುಂಚೆನೇ ಇದೇ ಏಟಾಯ್ತು. ಸುಸ್ತಿಂದಲೇ ಆಯ್ತು ಅಂತ ನಾನು ಹೇಳ್ತಿಲ್ಲ, ಹಾಗೆ ಹೇಳೋಕೆ ನಾನ್ಯಾರು. ಆದ್ರೆ ಹುಡುಗರಿಗಿಂತ ಹುಡ್ಗೀರಿಗೆ ಈ ಏಟು ಎರಡು ಮೂರು ಪಟ್ಟು ಜಾಸ್ತಿ, ಒಂದ್ಸಲ ಆಯ್ತು ಅಂದ್ರೆ ಆಪರೇಷನ್ನು, ಆಮೇಲೆ ಒಂಬತ್ತು ತಿಂಗಳಿಂದ ಒಂದು ವರ್ಷ ಹೊರಗೆ. ಅವರಿಗೆ ಕ್ಲಬ್ಬಿನ ಡಾಕ್ಟ್ರು, ಕ್ಲಬ್ಬಿನ ದುಡ್ಡು. ನಮಗೆ?

ಇದನ್ನೆಲ್ಲ ಓದೋಕೆ ಮುಂಚೆನೇ ನಂಗೆ ಭಯ ಇತ್ತು. ಆ ಲೇಸ್ ದಿನದಿಂದ.

ಅಶೋಕನಗರದ ಸ್ಟೇಡಿಯಮ್ಮಲ್ಲಿ, ಮಳೆ ಬಂದು ನಿಂತಿತ್ತು. ನಾನು ನೈಟ್ ಡ್ಯೂಟಿ ಮುಗಿಸಿ ಹಂಗೇ ಬಂದಿದ್ದೆ. ನೀವು ಗೆದ್ರಿ, ಎಲ್ರೂ ಕುಣೀತಿದ್ರು, ನೀನು ಮಾತ್ರ ಪಕ್ಕದ ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸ್ ಬಿಚ್ಚೋಕೆ ನೋಡ್ತಿದ್ದೆ. ಬಿಚ್ಚೋಕೆ ಆಗ್ತಿರ್ಲಿಲ್ಲ. ಬೆರಳು ನಡುಗ್ತಿತ್ತು. ನಾನು ಮೊದ್ಲು ನೀನು ಫೋನ್ ನೋಡ್ತಿದೀಯ ಅನ್ಕೊಂಡೆ, ತಲೆ ಬಗ್ಗಿಸಿದ್ದೆ ಅಲ್ವಾ. ಹತ್ರ ಬಂದ್ರೆ ಗಂಟು ಹಿಡ್ಕೊಂಡು ಹಂಗೇ ಕೂತಿದೀಯ. "ಅಪ್ಪ ಸ್ವಲ್ಪ ಬಿಚ್ಚು" ಅಂದೆ. ಏಳನೇ ಕ್ಲಾಸಲ್ಲಿ ಲೇಸ್ ಮುಟ್ಟೋಕೆ ಬಿಡ್ತಿರ್ಲಿಲ್ಲ ನೀನು, ನಾನೇ ಕಟ್ಕೋತೀನಿ ಅಂತ ಹಠ. ಬಿಚ್ದೆ. ಲೇಸ್ ನೆಂದು ಗಂಟು ಬಿಗಿಯಾಗಿತ್ತು, ನಂಗೂ ಹೊತ್ತು ಹಿಡೀತು. ಕಾಲು ಮುಟ್ಟಿದ ತಕ್ಷಣ ಮೀನಖಂಡ ಹಿಡ್ಕೊಂಡು ಕೂಗಿದೆ. ಸಾಕ್ಸ್ ತೆಗೆದ್ರೆ ಹೆಬ್ಬೆರಳ ಉಗುರು ಕಪ್ಪಗೆ.

ಬೆಳಗ್ಗೆ ಏನು ತಿಂದೆ ಅಂತ ಕೇಳ್ದೆ, ನೆನಪಿದ್ಯಾ, ಎರಡು ಇಡ್ಲಿ ಒಂದು ಟೀ ಅಂದೆ. ಮಧ್ಯಾಹ್ನ? ಹೊಟ್ಟೆ ಭಾರ ಆಗುತ್ತೆ ಅಂತ ಏನೂ ತಿಂದಿರ್ಲಿಲ್ಲ. ಹತ್ತು ಕಿಲೋಮೀಟರ್ ಹತ್ರ ಓಡ್ತೀರ ಒಂದು ಮ್ಯಾಚಲ್ಲಿ, ಎರಡು ಇಡ್ಲಿ ಮೇಲೆ. ಆಮೇಲೆ ಹಾಸ್ಟೆಲ್‌ಗೆ ಬಿಡೋಕೆ ಬಸ್ಸಲ್ಲಿ ಕರ್ಕೊಂಡು ಹೊರಟ್ರೆ ಕಿಟಕಿಗೆ ತಲೆ ಒರಗಿಸಿದೋಳು ಎದ್ದೇಳ್ಲಿಲ್ಲ, ಸ್ಟಾಪ್ ಬಂದ್ರೂ ಎಬ್ಬಿಸೋಕೆ ನಂಗೆ ಮನಸ್ಸಾಗ್ಲಿಲ್ಲ, ಮುಂದಿನ ಸ್ಟಾಪಲ್ಲಿ ಇಳಿದು ನಡ್ಕೊಂಡು ಬಂದ್ವಿ, ನೀನು ಬೈದೆ. ಇವತ್ತಿಗೂ ಲಾಂಗ್ ರೂಟಲ್ಲಿ ರಾತ್ರಿ ಹೊತ್ತು ಅದೇ ತಲೇಗೆ ಬರುತ್ತೆ. ನೀನು ಗೆದ್ದಿದ್ದಲ್ಲ, ಆ ಗಂಟು. ಲೇಸ್ ಬಿಚ್ಚೋಕೆ ಆಗದ ಕಾಲಲ್ಲಿ ಎರಡು ದಿನ ಬಿಟ್ಟು ಮತ್ತೆ ನೆಗೀತಿದ್ಯಲ್ಲ ಅಂತ. ಸರಿ, ಆ ಸಲ ಏನೂ ಆಗ್ಲಿಲ್ಲ. ಆಗ್ಲಿಲ್ಲ ಅನ್ನೋದಕ್ಕೇ ನಿಂಗೆ ಧೈರ್ಯ ಬಂದಿರೋದು.

ಇನ್ನೊಂದು ವಿಷಯ. ಇದನ್ನ ನಾನು ಬರೀಬೇಕಾ ಅಂತ ಮೂರ್ ಸಲ ಟೈಪ್ ಮಾಡಿ ಅಳಿಸ್ದೆ. ನಿಮ್ಮಮ್ಮ ಹೇಳಿದ್ಲು ನಿಂಗೆ ಕೆಲವು ತಿಂಗಳಿಂದ ಪೀರಿಯಡ್ಸ್ ಆಗಿಲ್ಲ ಅಂತ, ಆಟ ಆಡೋರಿಗೆ ಹಂಗೇ ಅಂತ ಸೀನಿಯರ್ಸ್ ಹೇಳ್ತಾರೆ ಅಂತ. ಅಮ್ಮನ ಮೇಲೆ ಕೋಪ ಮಾಡ್ಕೋಬೇಡ, ಅವಳು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಹಂಗೇ ಅಂತ ಬಿಡೋ ವಿಷಯ ಅಲ್ಲ ಇದು. ಓಡೋ ಅಷ್ಟು ತಿಂದಿಲ್ಲ ಅಂದ್ರೆ ದೇಹ ಮೊದಮೊದ್ಲು ನಿಲ್ಲಿಸೋದ್ರಲ್ಲಿ ಅದೂ ಒಂದು, ಆಮೇಲೆ ಮೂಳೆ ಸೊರಗುತ್ತೆ, ಗಾಯ ಬೇಗ ಮಾಗಲ್ಲ, ಮ್ಯಾಚ್ ಮುಗಿದು ನಾಲ್ಕು ದಿನ ಆದ್ರೂ ಮೈ ಎದ್ದೇಳಲ್ಲ. ಒಲಿಂಪಿಕ್ ಕಮಿಟಿಯೋರು 2014ರಲ್ಲೇ ಇದಕ್ಕೆ ರೆಡ್-ಎಸ್ ಅಂತ ಹೆಸರಿಟ್ಟು ಎಲ್ಲ ದೇಶದ ಡಾಕ್ಟ್ರುಗಳಿಗೂ ಎಚ್ಚರಿಕೆ ಕೊಟ್ಟಿದಾರೆ. ಇಂಗ್ಲೆಂಡಿನ ಚೆಲ್ಸೀ ಕ್ಲಬ್ಬಲ್ಲಿ 2020ರ ಹೊತ್ತಿಗೇ ಪ್ರತಿ ಹುಡ್ಗಿ ತಿಂಗಳ ಲೆಕ್ಕ ನೋಡಿ ಟ್ರೇನಿಂಗ್ ಹೊಂದಿಸೋಕೆ ಶುರು ಮಾಡಿದ್ರಂತೆ. ಅಲ್ಲಿ ಕೋಚ್ ಮುಂದೆ ಮಾತಾಡ್ತಾರೆ, ನಮ್ಮಲ್ಲಿ ಅಪ್ಪನ ಮುಂದೆ ಹೇಳೋಕೂ ಅಮ್ಮ ಬೇಕು. ಲೇಡಿ ಡಾಕ್ಟ್ರ ಹತ್ರ ಹೋಗು, ಊರಿಗೆ ಬಂದ್ಮೇಲಲ್ಲ, ಟ್ರೈನ್ ಹತ್ತೋಕೆ ಮುಂಚೆ. ನಾಳೆ ಮ್ಯಾಚ್ ಬಿಟ್ರೆ ಟೈಮೂ ಸಿಗುತ್ತೆ ನೋಡು.

ಹಂಗೇ ರಕ್ತ ಪರೀಕ್ಷೆ ಮಾಡಿಸು. ಬರೀ ಹಿಮೋಗ್ಲೋಬಿನ್ ಅಲ್ಲ, ಫೆರಿಟಿನ್ ಅಂತ ಕೇಳು, ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅನ್ನೋದು ಅದ್ರಲ್ಲಿ ಗೊತ್ತಾಗೋದು, ಹಿಮೋಗ್ಲೋಬಿನ್ ಸರಿಯಿದ್ರೂ ಅದು ಖಾಲಿ ಆಗಿರ್ಬಹುದು. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಅಂತ 2019-21ರ ಸರ್ಕಾರದ ಸರ್ವೆನೇ ಹೇಳುತ್ತೆ, ಅವರೆಲ್ಲ 90 ನಿಮಿಷ ಓಡೋರೂ ಅಲ್ಲ. ಊಟ ಆದ ತಕ್ಷಣ ಟೀ ಕುಡಿಯೋದು ಬಿಡು, ತಿಂದ ಸೊಪ್ಪಿನ ಕಬ್ಬಿಣ ಸರಿಯಾಗಿ ಮೈಗೆ ಹತ್ತಲ್ಲ, ಒಂದು ಗಂಟೆ ತಡಿ.

ಲೆಕ್ಚರ್ ಕೊಡಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟು ಶುರು ಮಾಡಿದ್ದು ಇದು. ಆದ್ರೂ ಕೇಳಿಬಿಡು. ಮ್ಯಾಚ್ ಮುಗಿದ ಒಂದು ಗಂಟೆ ಒಳಗೆ ತಿನ್ನು, ಹಾಸ್ಟೆಲ್ ಮೆಸ್ ತೆಗೆಯೋವರೆಗೂ ಕಾಯಬೇಡ. ಮೊದಲ ನಾಲ್ಕು ಗಂಟೆ, ಗಂಟೆಗೆ ತೂಕದ ಕೆಜಿಗೆ ಒಂದು ಗ್ರಾಮ್ ಲೆಕ್ಕದಲ್ಲಿ ಕಾರ್ಬೋಹೈಡ್ರೇಟ್ ಬೇಕಂತೆ, ನಿಂಗೆ ಐವತ್ತು ಗ್ರಾಮ್ ಅಂದ್ರೆ ಎರಡು ದೊಡ್ಡ ಪಚ್ಚಬಾಳೆ ಅಥವಾ ಒಂದು ತಟ್ಟೆ ಅನ್ನ. ಮೂರು ಮೊಟ್ಟೆ, ಒಂದು ಲೋಟ ಹಾಲು. ಆಟಕ್ಕೆ ಮುಂಚೆ, ಆಮೇಲೆ ತೂಕ ನೋಡ್ಕೋ, ಒಂದು ಕೆಜಿ ಇಳಿದಿದ್ರೆ ಒಂದೂವರೆ ಲೀಟರ್ ಒಳಗೆ ಹೋಗ್ಬೇಕು, ಉಪ್ಪು ಹಾಕಿದ ಮಜ್ಜಿಗೆ ಸಾಕು, ಬಣ್ಣದ ಬಾಟಲಿಗೆ ದುಡ್ಡು ಸುರೀಬೇಡ. ನೋವಿನ ಮಾತ್ರೆ ನುಂಗಿ ಗ್ರೌಂಡಿಗೆ ಇಳೀಬೇಡ. ಇದಂತೂ ಕೈ ಮುಗಿದು ಕೇಳ್ಕೋತೀನಿ. ನೀರು ಕಮ್ಮಿಯಾದ ಮೈಗೆ ಆ ಮಾತ್ರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಕೆಟ್ಟದ್ದು, ಅದೂ ಅಲ್ದೆ ನೋವು ಮುಚ್ಚಿದ್ರೆ ಎಲ್ಲಿ ನಿಲ್ಲಬೇಕು ಅನ್ನೋದೇ ಗೊತ್ತಾಗಲ್ಲ. ಮಾರನೇ ದಿನ ಬೆಳಗ್ಗೆ ಐದು ರೌಂಡ್ ಓಡಿದ್ರೆ ಮೈ ಸಡಿಲ ಆಗುತ್ತೆ ಅಂತ ಓಡಿಸ್ತಾರಲ್ಲ, ಆ 2008ರ ಸ್ಟಡೀಲಿ ಹಗುರಾಗಿ ಸೈಕಲ್ ತುಳಿದು ಎಕ್ಸರ್‌ಸೈಜ್ ಮಾಡಿದೋರಿಗೂ ಸುಮ್ನೆ ರೆಸ್ಟ್ ಮಾಡಿದೋರಿಗೂ ಚೇತರಿಸ್ಕೊಳೋ ಹೊತ್ತಲ್ಲಿ ವ್ಯತ್ಯಾಸ ಕಾಣ್ಲಿಲ್ಲ. ಓಡು ಬೇಕಾದ್ರೆ, ಮನಸ್ಸಿಗೆ ಹಿತ ಆಗಿದ್ರೆ. ಆದ್ರೆ ಬೆಳಗ್ಗೆ ಐದಕ್ಕೆ ಎದ್ದು ನಿದ್ದೆ ಕೆಡಿಸ್ಕೊಂಡು ಅಲ್ಲ. ನಿದ್ದೆಗಿಂತ ದೊಡ್ಡ ಔಷಧಿ ಇಲ್ಲ, ಇದನ್ನ ಡ್ರೈವರ್ ಕೈಲಿ ಹೇಳಿಸ್ಕೋಬೇಕಾ ನೀನು.

ಕೋಚ್ ಸರ್‌ಗೆ ಹೇಳೋಕೆ ಹೆದರಿಕೆ ಅಂತ ಗೊತ್ತು. ಮಂಗಳವಾರ ಕೂತ್ರೆ ಜಾಗ ಹೋಗುತ್ತೆ ಅಂತೀಯ. ಹೋಗ್ಬಹುದು, ನಾನು ಸುಳ್ಳು ಹೇಳಲ್ಲ. ಅದಕ್ಕೆ ಪೂರ್ತಿ ಬಿಡೋಕೆ ಆಗಲ್ಲ ಅಂದ್ರೆ ಬೆಂಚಲ್ಲಿ ಕೂರ್ತೀನಿ, ಕೊನೆ ಇಪ್ಪತ್ತು ನಿಮಿಷ ಬೇಕಾದ್ರೆ ಇಳಿಸಿ ಸರ್ ಅಂತ ಕೇಳು. ನಾನೇ ಮಾತಾಡ್ಲಾ ಅಂದ್ರೆ ಮಾನ ಹೋಗುತ್ತೆ ಅಂತೀಯ, ಮಾತಾಡಲ್ಲ.

2025ರ ಜುಲೈಲಿ ನಮ್ಮ ದೇಶದ ಹುಡ್ಗೀರು ಥಾಯ್ಲೆಂಡನ್ನ ಅವರ ನೆಲದಲ್ಲೇ 2-1 ಸೋಲಿಸಿ ಏಷ್ಯನ್ ಕಪ್ಪಿಗೆ ಹೋದಾಗ ನೀನು ಫೋನಲ್ಲಿ ಕಿರುಚಿದ ಕಿರುಚು ಅಕ್ಕಪಕ್ಕದ ಸೀಟಿನೋರಿಗೂ ಕೇಳಿಸ್ತು, ನನ್ ಮಗಳೂ ಆಡ್ತಾಳೆ ಅಂತ ಅವರಿಗೆಲ್ಲ ಹೇಳ್ಕೊಂಡೆ. ನಿನ್ನ ಹೆಡರ್ ಗೋಲ್ ವಿಡಿಯೋ ಈ ಡಿಪೋದಲ್ಲಿ ನೋಡದೋರು ಯಾರೂ ಇಲ್ಲ, ಕೆಲವರು ನನ್ನ ಕಂಡ್ರೆ ಈಗ ದಾರಿ ಬದಲಾಯಿಸ್ತಾರೆ. ದನಿ ಜೋರು ಮಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡ, ಹೇಳಿದ ವಿಷಯ ಮಾತ್ರ ವಾಪಸ್ ತಗೊಳಲ್ಲ.

ನಾಳೆ ಬೆಳಗ್ಗಿನ ಗಾಡೀಲಿ ಒಂದು ಬ್ಯಾಗ್ ಕಳಿಸ್ತಿದೀನಿ, ಮೆಜೆಸ್ಟಿಕ್ಕಲ್ಲಿ ಹತ್ತೂವರೆಗೆ ಇಸ್ಕೋ, ಕಂಡಕ್ಟರ್ ನಂಬರ್ ಕೆಳಗೆ ಹಾಕ್ತೀನಿ. ರಾಗಿ ಹುರಿಹಿಟ್ಟು, ಕಡಲೆಬೀಜದ ಚಿಕ್ಕಿ ಇದೆ, ರೂಮ್‌ಮೇಟ್‌ಗಳಿಗೆ ಹಂಚೋಕೆ ಬೇರೆ ಕಟ್ಟಿದಾಳೆ ಅಮ್ಮ, ನಿನ್ನ ಪಾಲು ನೀನೇ ತಿನ್ನು. ರಕ್ತ ಪರೀಕ್ಷೆಗೆ ದುಡ್ಡು ಹಾಕಿದೀನಿ, ಅದ್ರಲ್ಲಿ ಸ್ಟಡ್ಸ್ ಬೂಟು ತಗೋಬೇಡ. ಇವತ್ತು ಸಂಜೆ ಟೀಮ್ ಲಿಸ್ಟ್ ಗ್ರೂಪಲ್ಲಿ ಬಂದಾಗ ನಂಗೆ ಫಾರ್ವರ್ಡ್ ಮಾಡು. ನಿನ್ನ ಹೆಸರು ಇಲ್ಲ ಅಂದ್ರೆ ಖುಷಿಯಾಗುತ್ತೆ, ಸ್ವಲ್ಪ ಬೇಜಾರೂ ಆಗುತ್ತೆ, ಅದು ನನ್ನ ಪಾಡು.

ಅಪ್ಪ