ವಿಜ್ಞಾನಿಯ ಪರಿಚಯದಲ್ಲಿ ಅವರ ಕೆಲಸಕ್ಕೂ ಒಂದಿಷ್ಟು ಜಾಗ ಕೊಡಿ

ಮಾನ್ಯ ಸಂಪಾದಕರೆ,

ಪ್ರತಿವರ್ಷ ಫೆಬ್ರುವರಿ 11ರ ಆಸುಪಾಸಿನಲ್ಲಿ, ವಿಜ್ಞಾನದಲ್ಲಿ ಮಹಿಳೆಯರು ಮತ್ತು ಬಾಲಕಿಯರ ಅಂತರರಾಷ್ಟ್ರೀಯ ದಿನದ ನೆಪದಲ್ಲಿ, ನಮ್ಮ ಪತ್ರಿಕೆಗಳ ಪುರವಣಿಗಳು ಮಹಿಳಾ ವಿಜ್ಞಾನಿಗಳನ್ನು ಪರಿಚಯಿಸುತ್ತವೆ. ಈಚೆಗೆ ಹಸಿರು ಹೈಡ್ರೋಜನ್ (ಸೌರ, ಪವನ ವಿದ್ಯುತ್ತಿನಿಂದ ನೀರನ್ನು ಒಡೆದು ತೆಗೆಯುವ ಇಂಧನ) ಮೇಲೆ ಕೆಲಸ ಮಾಡುವವರ ಸರದಿಯೂ ಬಂದಿದೆ. ಸಂತೋಷವೇ. ಆದರೆ ಓದಿ ಮುಗಿಸಿದರೆ ಸಿಗುವುದೇನು? ಹುಟ್ಟಿದ ಊರು, ತಂದೆಯ ಪ್ರೋತ್ಸಾಹ, ಮನೆಯನ್ನೂ ಲ್ಯಾಬನ್ನೂ ತೂಗಿಸಿಕೊಂಡು ಹೋದ ಬಗೆ, ಕೊನೆಯಲ್ಲಿ ‘ನೀರಿನಿಂದ ಇಂಧನ ತೆಗೆಯುವ ಅಗ್ಗದ ವಿಧಾನ ಕಂಡುಹಿಡಿದರು’ ಎಂಬ ಒಂದು ಸಾಲು. ಅವರು ಹದಿನೈದು ಇಪ್ಪತ್ತು ವರ್ಷ ಏನು ಮಾಡಿದರು ಎಂಬುದು ಆ ಸಾಲಿನಲ್ಲೇ ಮುಚ್ಚಿಹೋಗುತ್ತದೆ. ಬಿಎಸ್ಸಿ ಓದುತ್ತಾ ಈ ಕಡೆ ಬರಬೇಕೆಂದುಕೊಂಡ ಹುಡುಗಿಗೆ ಬೇಕಾಗಿದ್ದದ್ದು ಅದೇ.

ನೀರನ್ನು ಒಡೆಯುವುದು ಹೊಸ ವಿದ್ಯೆಯೇನಲ್ಲ. ಬ್ಯಾಟರಿ, ಎರಡು ಪೆನ್ಸಿಲ್ ಕಡ್ಡಿ, ಚಿಟಿಕೆ ಅಡುಗೆ ಸೋಡಾ ಇಟ್ಟುಕೊಂಡು ಹೈಸ್ಕೂಲಿನಲ್ಲೇ ಮಾಡಿ ತೋರಿಸುತ್ತಾರೆ. ಕಷ್ಟ ಇರುವುದು ಕರೆಂಟ್ ಬಿಲ್ಲಿನಲ್ಲಿ. ಒಂದು ಕೆ.ಜಿ. ಹೈಡ್ರೋಜನ್ ಬೇಕೆಂದರೆ ಸುಮಾರು 26,600 ಆಂಪಿಯರ್-ಗಂಟೆ ವಿದ್ಯುತ್ ಹಾಯಲೇಬೇಕು. ಇದು ಫ್ಯಾರಡೆಯ ನಿಯಮ, ಇದರಲ್ಲಿ ಚೌಕಾಸಿ ಇಲ್ಲ. ಚೌಕಾಸಿ ಮಾಡಬಹುದಾದದ್ದು ವೋಲ್ಟೇಜ್ ಜತೆ ಮಾತ್ರ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಒಡೆಯಲು ಸಿದ್ಧಾಂತದ ಪ್ರಕಾರ 1.23 ವೋಲ್ಟ್ ಸಾಕು. ಅಷ್ಟಕ್ಕೇ ಯಾವ ಯಂತ್ರವೂ ಉಪಯೋಗಕ್ಕೆ ಬರುವಷ್ಟು ಅನಿಲ ಕೊಡುವುದಿಲ್ಲ. ಸೆಲ್ 2 ವೋಲ್ಟ್‌ನಲ್ಲಿ ಓಡಿದರೆ ಕೆ.ಜಿ.ಗೆ 53 ಯೂನಿಟ್, 1.8ರಲ್ಲಿ ಓಡಿದರೆ 48 ಯೂನಿಟ್. ಅಂದರೆ 100 ಮಿಲಿವೋಲ್ಟ್ ಉಳಿಸಿದರೆ ಕೆ.ಜಿ.ಗೆ ಸುಮಾರು 2.7 ಯೂನಿಟ್ ಉಳಿತಾಯ. ನಷ್ಟದ ದೊಡ್ಡ ಪಾಲು ಆಮ್ಲಜನಕ ಹೊರಡುವ ಎಲೆಕ್ಟ್ರೋಡಿನದು. ಅಲ್ಲಿ ಒಂದು ಆಮ್ಲಜನಕ ಅಣು ಆಗಬೇಕಾದರೆ ನಾಲ್ಕು ಎಲೆಕ್ಟ್ರಾನು ಒಂದಾದ ಮೇಲೊಂದು ಕಳಚಬೇಕು. ಈ ನಷ್ಟ ಇಳಿಸಲು ಎಲೆಕ್ಟ್ರೋಡಿಗೆ ಬಳಿಯುವ ವಸ್ತುವೇ ವೇಗವರ್ಧಕ. ಎಲೆಕ್ಟ್ರೋಕೆಮಿಸ್ಟ್ರಿಯವರ ಜೀವಮಾನ ಕಳೆಯುವುದು ಈ ಕೆಲವು ನೂರು ಮಿಲಿವೋಲ್ಟ್‌ಗಳ ಮೇಲೆ.

ಒಂದು ವೃತ್ತಿಜೀವನವನ್ನು ಈ ಕಣ್ಣಿನಿಂದ ನೋಡೋಣ. ಯಾಂಗ್ ಶಾವ್-ಹಾರ್ನ್ ಬೀಜಿಂಗ್‌ನಲ್ಲಿ ಪದವಿ ಓದಿ, 1998ರಲ್ಲಿ ಅಮೆರಿಕದ ಮಿಷಿಗನ್ ಟೆಕ್‌ನಲ್ಲಿ ಪಿಎಚ್‌ಡಿ ಮುಗಿಸಿದವರು. ಓದಿದ್ದು ಲೋಹ ಮತ್ತು ವಸ್ತು ವಿಜ್ಞಾನ. ಎವರೆಡಿ ಬ್ಯಾಟರಿ ಕಂಪನಿಯಲ್ಲಿ, ಫ್ರಾನ್ಸಿನ ಬೋರ್ಡೊದಲ್ಲಿ ಕೆಲಸ ಮಾಡಿ 2002ರಲ್ಲಿ ಎಂಐಟಿ ಸೇರಿದರು. 2018ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಗೆ ಆಯ್ಕೆಯಾದರು. ಪರಿಚಯ ಲೇಖನ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ವಿಷಯ ಶುರುವಾಗುವುದೂ ಇಲ್ಲಿಂದಲೇ.

2011ರಲ್ಲಿ ಅವರ ತಂಡ, ನಂತರ ನೊಬೆಲ್ ಪಡೆದ ಜಾನ್ ಗುಡ್‌ಇನಫ್ ಜತೆ ಸೇರಿ, ಪೆರೋವ್‌ಸ್ಕೈಟ್ ಎಂಬ ಜಾತಿಯ ಹತ್ತಕ್ಕೂ ಹೆಚ್ಚು ಆಕ್ಸೈಡುಗಳನ್ನು ವೇಗವರ್ಧಕವಾಗಿ ಅಳೆದು ಒಂದು ಸೂತ್ರ ಮುಂದಿಟ್ಟಿತು: ಲೋಹದ ಅಯಾನಿನ ಹೊರಭಾಗದ ‘ಇಜಿ’ ಎಂಬ ಕಕ್ಷೆಗಳ ಜೋಡಿಯಲ್ಲಿ ಹೆಚ್ಚುಕಡಿಮೆ ಒಂದು ಎಲೆಕ್ಟ್ರಾನ್ ಇದ್ದರೆ ಆಮ್ಲಜನಕ ಚೆನ್ನಾಗಿ ಹೊರಡುತ್ತದೆ. ಅದನ್ನು ಹಿಡಿದು ಬೇರಿಯಂ, ಸ್ಟ್ರಾನ್ಷಿಯಂ, ಕೋಬಾಲ್ಟ್, ಕಬ್ಬಿಣ ಸೇರಿದ ಒಂದು ಆಕ್ಸೈಡನ್ನು ಆರಿಸಿದರು. ಕ್ಷಾರ ದ್ರಾವಣದಲ್ಲಿ ಅದು ದುಬಾರಿ ಇರಿಡಿಯಂ ಆಕ್ಸೈಡಿಗಿಂತ ಹತ್ತು ಪಟ್ಟಾದರೂ ಚುರುಕೆಂದು ಕಂಡಿತು. ಹೊಗಳಿಕೆ ಬಂತು. ಮರುವರ್ಷ ಅದೇ ತಂಡ ಇನ್ನೊಂದು ಪ್ರಬಂಧ ಪ್ರಕಟಿಸಿತು: ಕೆಲಸ ಮಾಡುತ್ತಾ ಹೋದಂತೆ ಈ ಆಕ್ಸೈಡಿನ ಮೈಮೇಲಿನ ಪದರ ಹರಳಿನ ಕಟ್ಟು ಕಳೆದುಕೊಳ್ಳುತ್ತದೆ, ಮೇಲ್ಮೈ ಒರಟಾಗಿ ಹಿಗ್ಗುತ್ತದೆ. ಹಾಗಾದರೆ ಅಳತೆಗೆ ಸಿಗುತ್ತಿರುವುದು ನಾವು ಕುಲುಮೆಯಲ್ಲಿ ಸುಟ್ಟ ವಸ್ತುವೋ, ಅದು ಬಿಟ್ಟುಹೋದ ಇನ್ನೊಂದೋ? 2017ರಲ್ಲಿ ಭಾರವಾದ ಆಮ್ಲಜನಕ ಐಸೊಟೋಪನ್ನು ಗುರುತಾಗಿ ಇಟ್ಟು ಪರೀಕ್ಷಿಸಿದಾಗ, ಕೆಲವು ಆಕ್ಸೈಡುಗಳಲ್ಲಿ ಹೊರಬರುವ ಆಮ್ಲಜನಕದ ಒಂದು ಪಾಲು ನೀರಿನದಲ್ಲ, ಹರಳಿನೊಳಗಿನದೇ ಎಂದು ತೋರಿಸಿದರು. ನಮ್ಮ ಮಟ್ಟಿಗೆ 2011ರದ್ದಕ್ಕಿಂತ 2012ರ ಪ್ರಬಂಧವೇ ದೊಡ್ಡದು. ಸ್ವಂತ ದಾಖಲೆಯ ಬುಡ ಕೆದಕುವುದಕ್ಕೆ ಯಾರೂ ಸನ್ಮಾನ ಮಾಡುವುದಿಲ್ಲ ನೋಡಿ.

ಇನ್ನೊಂದು ಉದಾಹರಣೆ ಇನ್ನೂ ಚಿಕ್ಕದು, ಇನ್ನೂ ಚೆನ್ನಾದದ್ದು. ನಿಕಲ್ ಹೈಡ್ರಾಕ್ಸೈಡ್ ಒಳ್ಳೆಯ ವೇಗವರ್ಧಕ ಎಂದು ದಶಕಗಳಿಂದ ಪುಸ್ತಕಗಳಲ್ಲಿತ್ತು. ಕಬ್ಬಿಣದ ಕಲ್ಮಶ ಈ ಲೆಕ್ಕವನ್ನು ಏರುಪೇರು ಮಾಡುತ್ತದೆ ಎಂದು ಜನರಲ್ ಮೋಟರ್ಸ್‌ನ ಕೊರಿಗನ್ 1987ರಲ್ಲೇ ಎಚ್ಚರಿಸಿದ್ದರು. ಬಹಳ ಮಂದಿ ಕಿವಿಗೊಡಲಿಲ್ಲ. 2014ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಲೀನಾ ಟ್ರೋಟೊಚಾಡ್ ಮತ್ತು ಸಂಗಡಿಗರು ಕಬ್ಬಿಣವನ್ನು ಪೂರ್ತಿ ತೆಗೆದು ಅಳೆದರು. ಶುದ್ಧ ನಿಕಲ್ ಆಕ್ಸಿಹೈಡ್ರಾಕ್ಸೈಡ್ (ಕೆಲಸ ಮಾಡುವಾಗ ನಿಕಲ್ ಹೈಡ್ರಾಕ್ಸೈಡ್ ತಾಳುವ ರೂಪ) ತೀರಾ ಮಂದ ಎಂದು ಗೊತ್ತಾಯಿತು. ಇಷ್ಟು ದಿನ ನಿಕಲ್ಲಿನ ಹೆಸರಿನಲ್ಲಿ ದುಡಿದದ್ದು ಕ್ಷಾರದ ಬಾಟಲಿಯಲ್ಲಿದ್ದ ಕಬ್ಬಿಣದ ಕಸ!

ಆ ಕಸ ತೆಗೆಯುವ ಬಗೆ ಯಾವ ಕಾಲೇಜಿನಲ್ಲೂ ಮಾಡಬಹುದಾದದ್ದು. ಆಮ್ಲದಲ್ಲಿ ತೊಳೆದ 50 ಮಿ.ಲೀ.ನ ಪಾಲಿಪ್ರೊಪಿಲೀನ್ ಸೆಂಟ್ರಿಫ್ಯೂಜ್ ಟ್ಯೂಬಿನಲ್ಲಿ 2 ಗ್ರಾಂ ಅತಿಶುದ್ಧ ನಿಕಲ್ ನೈಟ್ರೇಟನ್ನು 4 ಮಿ.ಲೀ. ಶುದ್ಧ ನೀರಿನಲ್ಲಿ ಕರಗಿಸಿ, 20 ಮಿ.ಲೀ. 1 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕ್ಷಾರ ಸುರಿದರೆ ಹಸಿರು ಬಣ್ಣದ ಗಟ್ಟಿ ಗಸಿ ಕೂರುತ್ತದೆ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ನೀರು ಬಸಿದು, 20 ಮಿ.ಲೀ. ನೀರಿಗೆ 2 ಮಿ.ಲೀ. ಅದೇ ಕ್ಷಾರ ಬೆರೆಸಿ ಮೂರು ಸಲ ತೊಳೆಯಬೇಕು. ಆಮೇಲೆ ಶುದ್ಧ ಮಾಡಬೇಕಾದ ಕ್ಷಾರವನ್ನು ಟ್ಯೂಬಿನ ತುಂಬ ಹಾಕಿ ಕನಿಷ್ಠ 10 ನಿಮಿಷ ಕುಲುಕಿ, 3 ಗಂಟೆ ಬಿಡಬೇಕು. ಕಬ್ಬಿಣ ಗಸಿಗೆ ಅಂಟುತ್ತದೆ. ಮತ್ತೆ ಸೆಂಟ್ರಿಫ್ಯೂಜ್ ಮಾಡಿ ಮೇಲಿನದನ್ನು ಪಾಲಿಪ್ರೊಪಿಲೀನ್ ಬಾಟಲಿಗೆ ಬಸಿದಿಡುವುದು. ಗಾಜಿನ ಬಾಟಲಿಗೆ ಹಾಕಿದಿರೋ, ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ: ಕ್ಷಾರ ಗಾಜನ್ನು ಕೊರೆಯುತ್ತದೆ, ಗಾಜಿನೊಳಗಿನ ಕಬ್ಬಿಣ ಮತ್ತೆ ಇಳಿದುಬರುತ್ತದೆ. ಸ್ಟೀಲ್ ಸ್ಪ್ಯಾಚುಲಾ ಕೂಡ ಬೇಡ. ಅಂದ ಹಾಗೆ, ಕ್ಷಾರದ ಬಿಲ್ಲೆಗಳಲ್ಲಿ ಸಾಮಾನ್ಯವಾಗಿ ಶೇಕಡ 85ರಷ್ಟು ಮಾತ್ರ ಅಸಲು ವಸ್ತು, ಮಿಕ್ಕಿದ್ದರಲ್ಲಿ ಹೆಚ್ಚಿನದು ತೇವ. 1 ಮೋಲಾರ್ ಎಂದರೆ ಲೀಟರಿಗೆ 56 ಗ್ರಾಂ ಎಂದು ಪುಸ್ತಕದ ಲೆಕ್ಕ ಹಾಕಿದವರ ದ್ರಾವಣ ತೆಳ್ಳಗಾಗುತ್ತದೆ. 66 ಗ್ರಾಂ ತೂಗಬೇಕು. ಮುಚ್ಚಳ ಬಿಗಿಯಾಗಿರಬೇಕು, ಇಲ್ಲದಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗುತ್ತದೆ.

ನಮ್ಮ ಕಾಲೇಜು ಲ್ಯಾಬುಗಳಿಂದ ಬರುವ ‘ದಾಖಲೆ’ಗಳು ಹಾದಿ ತಪ್ಪುವ ಜಾಗಗಳು ಇನ್ನೂ ಇವೆ. ವೋಲ್ಟೇಜ್ ಅಳೆಯಲು ಹೋಲಿಕೆಗೆಂದು ಇಡುವ ರೆಫರೆನ್ಸ್ ಎಲೆಕ್ಟ್ರೋಡಾಗಿ ಸಿಲ್ವರ್-ಸಿಲ್ವರ್ ಕ್ಲೋರೈಡಿನದನ್ನು ಗಟ್ಟಿ ಕ್ಷಾರದಲ್ಲಿ ಮುಳುಗಿಸುವುದು ಮಾಮೂಲಿ. ತುದಿಯ ಸಣ್ಣ ರಂಧ್ರದಿಂದ ಕ್ಷಾರ ಒಳಹೋಗುತ್ತದೆ, ಕ್ಲೋರೈಡ್ ಹೊರಬರುತ್ತದೆ, ವೋಲ್ಟೇಜ್ ಜಾರುತ್ತಾ ಹೋಗುತ್ತದೆ. ಮೀಟರ್ ಮಾತ್ರ ಸ್ಥಿರವಾಗಿ ಸುಳ್ಳು ಹೇಳುತ್ತಿರುತ್ತದೆ. ಕ್ಷಾರಕ್ಕೆ ಮರ್ಕ್ಯುರಿ-ಮರ್ಕ್ಯುರಿ ಆಕ್ಸೈಡ್ ಸರಿ. ಅದರ ಸೊನ್ನೆಯ ಜಾಗವನ್ನೂ ಪುಸ್ತಕದ ಸೂತ್ರದಿಂದ ಲೆಕ್ಕ ಹಾಕದೆ, ಅದೇ ದ್ರಾವಣಕ್ಕೆ ಅರ್ಧ ಗಂಟೆ ಹೈಡ್ರೋಜನ್ ಬಿಟ್ಟು, ಶುದ್ಧ ಪ್ಲಾಟಿನಂ ತಂತಿಯಲ್ಲಿ ನಿಧಾನವಾಗಿ ಸ್ಕ್ಯಾನ್ ಮಾಡಿ, ಕರೆಂಟ್ ಸೊನ್ನೆ ದಾಟುವ ಜಾಗವನ್ನು ಗುರುತು ಹಾಕಿಕೊಳ್ಳಬೇಕು. 1 ಮೋಲಾರ್ ಕ್ಷಾರದಲ್ಲಿ ಅದು ಮೈನಸ್ 0.92 ವೋಲ್ಟಿನ ಅಕ್ಕಪಕ್ಕ ಬರುತ್ತದೆ.

ಆಮ್ಲದಲ್ಲಿ ಹೈಡ್ರೋಜನ್ ಕಡೆಯ ವೇಗವರ್ಧಕ ಪರೀಕ್ಷಿಸುವಾಗ ಎದುರಿನ ಎಲೆಕ್ಟ್ರೋಡಾಗಿ ಪ್ಲಾಟಿನಂ ತಂತಿ ಇಟ್ಟರೆ ಇನ್ನೊಂದು ಮೋಸ. ಆ ಪ್ಲಾಟಿನಂ ಚೂರುಚೂರೇ ಕರಗಿ ಬಂದು ಪರೀಕ್ಷೆಯಲ್ಲಿರುವ ಎಲೆಕ್ಟ್ರೋಡಿನ ಮೇಲೆ ಕೂರುತ್ತದೆ. ಸಾವಿರ ಸೈಕಲ್ ಆದಮೇಲೆ ‘ನಮ್ಮ ಅಗ್ಗದ ವಸ್ತು ಬಳಸಿದಷ್ಟೂ ಚುರುಕಾಗುತ್ತಿದೆ’ ಎಂಬ ಸುದ್ದಿ ಹೊರಡುವುದು ಹೀಗೆ. ಗ್ರಾಫೈಟ್ ಕಡ್ಡಿ ಇಟ್ಟರೆ ಮುಗಿಯಿತು. ನಿಕಲ್ ಫೋಮ್ ಮೇಲೆ ಅಳೆಯುವವರು (ಹೈಡ್ರೋಜನ್ ಎಲೆಕ್ಟ್ರೋಡಿಗೆ ಹೋಲಿಸಿ) 1.35–1.4 ವೋಲ್ಟ್ ಸುಮಾರಿಗೆ ನಿಕಲ್ ತಾನೇ ಆಕ್ಸಿಡೈಸ್ ಆಗುವ ಕರೆಂಟನ್ನು ಆಮ್ಲಜನಕದ ಖಾತೆಗೆ ಬರೆದುಕೊಳ್ಳುವುದೂ ಉಂಟು. ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಲ್ಲಿ ಅನಿಲ ಅಳೆಯದೆ ಬರೀ ಕರೆಂಟ್ ನೋಡಿ ಮಾತಾಡಿದರೆ ಇದು ಸಿಕ್ಕಿಬೀಳುವುದೇ ಇಲ್ಲ.

ಈ ಸಂಶೋಧನೆ ಹೆಂಗಸರಿಗೆ ಎಲ್ಲಿ ಕಷ್ಟವಾಗುತ್ತದೆ ಎಂಬುದನ್ನೂ ‘ತೂಗಿಸಿಕೊಂಡು ಹೋದರು’ ಎಂಬ ಮಾತು ಮುಚ್ಚಿಹಾಕುತ್ತದೆ. ಬಾಳಿಕೆಯ ಪರೀಕ್ಷೆ ಎಂದರೆ ಕನಿಷ್ಠ 100 ಗಂಟೆ, ಅಂದರೆ ನಾಲ್ಕು ಹಗಲು ನಾಲ್ಕು ರಾತ್ರಿ ಮುಗಿದರೂ ಇನ್ನೂ ನಾಲ್ಕು ಗಂಟೆ ಬಾಕಿ. 10 ಮಿಲಿಆಂಪಿಯರ್‌ನಲ್ಲಿ ಅಷ್ಟು ಹೊತ್ತು ಓಡಿದರೆ ಒಡೆಯುವ ನೀರು ಅರ್ಧ ಮಿ.ಲೀ. ಕೂಡ ಅಲ್ಲ. ಆದರೆ ಗುಳ್ಳೆಗಳ ಜತೆ ಆವಿಯಾಗಿ ಹೋಗುವುದು ಬಹಳ. ದ್ರಾವಣದ ಮಟ್ಟ ಇಳಿದು ರೆಫರೆನ್ಸ್ ಎಲೆಕ್ಟ್ರೋಡಿನ ತುದಿ ಗಾಳಿಗೆ ಬಂದ ಕ್ಷಣ, ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡಲು ಹಚ್ಚಿದ ಪೊಟೆನ್ಷಿಯೋಸ್ಟ್ಯಾಟ್ ಉಪಕರಣ ದಿಕ್ಕುತಪ್ಪಿ ತನ್ನ ಕೈಲಾದಷ್ಟೂ ವೋಲ್ಟೇಜ್ ತಳ್ಳುತ್ತದೆ. ಮೂರು ದಿನ ಕಾದ ಪದರ ನಿಮಿಷದಲ್ಲಿ ಹಾಳು. ರಾತ್ರಿ ಎರಡಕ್ಕೆ ಯಾರಾದರೂ ಹೋಗಿ ನೀರು ತುಂಬಬೇಕು. ಹುಡುಗಿಯರ ಹಾಸ್ಟೆಲಿನ ಬಾಗಿಲು ಆ ಹೊತ್ತಿಗೆ ಹಾಕಿರುತ್ತದೆ. ಒಳಬಿಡುವ ಅನಿಲವನ್ನು ಮೊದಲು ನೀರಿನ ಬಾಟಲಿಯಲ್ಲಿ ಹಾಯಿಸಿ ತೇವ ಮಾಡುವುದು, ಸಣ್ಣ ಡೋಸಿಂಗ್ ಪಂಪ್, ಪೊಟೆನ್ಷಿಯೋಸ್ಟ್ಯಾಟಿನಲ್ಲಿ ವೋಲ್ಟೇಜಿಗೆ ಮೇಲ್ಮಿತಿ: ಇಷ್ಟಿದ್ದರೆ ಅರ್ಧ ಸಮಸ್ಯೆ ಕಳೆಯುತ್ತದೆ. ಉಳಿದರ್ಧ ವಾರ್ಡನ್ ಮತ್ತು ವಿಭಾಗದ ಮುಖ್ಯಸ್ಥರ ಕೈಯಲ್ಲಿದೆ.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೇಲೆ ಹೇಳಿದ ರೆಫರೆನ್ಸ್ ಎಲೆಕ್ಟ್ರೋಡಿನಲ್ಲಿ ಪಾದರಸ ಇದೆ. ನಿಕಲ್, ಕೋಬಾಲ್ಟ್ ಲವಣಗಳ ಪುಡಿಯೂ ಗರ್ಭಿಣಿಗೆ ಒಳ್ಳೆಯದಲ್ಲ. ಗರ್ಭಿಣಿ ಸಂಶೋಧಕಿ ಒಂಬತ್ತು ತಿಂಗಳು ಪ್ರಯೋಗ ನಿಲ್ಲಿಸಬೇಕಾಗಿಲ್ಲ. ಪಾದರಸದ ಬದಲು ಹೈಡ್ರೋಜನ್ ರೆಫರೆನ್ಸ್ ಎಲೆಕ್ಟ್ರೋಡ್ ಬಳಸಬಹುದು. ಪುಡಿ ತೂಗುವ ಕೆಲಸ ಬೇರೆಯವರು ಫ್ಯೂಮ್‌ಹುಡ್‌ನೊಳಗೆ ಮಾಡಿ ದ್ರಾವಣ ಮಾಡಿಕೊಟ್ಟರೆ ಮುಂದಿನದನ್ನು ವೈದ್ಯರನ್ನು ಕೇಳಿಕೊಂಡು ಆಕೆಯೇ ನೋಡಿಕೊಳ್ಳಬಹುದು. ಇದು ಲ್ಯಾಬಿನ ಗೋಡೆಗೆ ಅಂಟಿಸಬೇಕಾದ ಸೂಚನೆ. ಆಕೆಯೇ ಸಂಕೋಚದಿಂದ ಬಂದು ಕೇಳಿಕೊಳ್ಳುವಂತಾಗಬಾರದು.

ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ 2023ರ ಜನವರಿಯಲ್ಲಿ ಒಪ್ಪಿಗೆಯಾದ ಒಟ್ಟು ಮೊತ್ತ 19,744 ಕೋಟಿ ರೂಪಾಯಿ. ಅದರಲ್ಲಿ ಸಂಶೋಧನೆಗೆ 400 ಕೋಟಿ. ನೂರಕ್ಕೆ ಎರಡು. ಆ ದುಡ್ಡಲ್ಲೂ ಎಲ್ಲಕ್ಕಿಂತ ಕಡಿಮೆ ದರ ಕೊಟ್ಟವರಿಂದಲೇ ಕ್ಷಾರ ಕೊಳ್ಳಬೇಕೆಂಬ ನಿಯಮ ಸೇರಿದರೆ, ಮೇಲೆ ಹೇಳಿದ ಕಬ್ಬಿಣ ಟೆಂಡರ್ ಮೂಲಕವೇ ಲ್ಯಾಬಿಗೆ ಬಂದಂತಾಯಿತು.

ಪತ್ರಿಕೆಗೆ ನಮ್ಮ ಕೋರಿಕೆ ಚಿಕ್ಕದು. ‘ಅಗ್ಗದ ವೇಗವರ್ಧಕ ಕಂಡುಹಿಡಿದರು’ ಎಂದು ಬರೆಯುವ ಮುನ್ನ ಆ ವಿಜ್ಞಾನಿಗೆ ಫೋನ್ ಮಾಡಿ, ಚದರ ಸೆಂಟಿಮೀಟರಿಗೆ ಎಷ್ಟು ಕರೆಂಟಿನಲ್ಲಿ, ಎಷ್ಟು ಗಂಟೆ ಓಡಿಸಿದಿರಿ ಎಂದು ಕೇಳಿ. ಲ್ಯಾಬಿನ ರೂಢಿ 10 ಮಿಲಿಆಂಪಿಯರ್. ಸೂರ್ಯನ ಬೆಳಕಿನಿಂದ ನೇರ ನೀರೊಡೆಯುವ, ನೂರಕ್ಕೆ ಹತ್ತರಷ್ಟು ದಕ್ಷತೆಯ ಸಾಧನಕ್ಕೆ ಹೊಂದುವ ಅಂಕಿ ಅದು. ಆ ಲೆಕ್ಕದಲ್ಲಿ ಗಂಟೆಗೆ ಒಂದು ಕೆ.ಜಿ. ಹೈಡ್ರೋಜನ್ ಬೇಕಾದರೆ 266 ಚದರ ಮೀಟರ್ ಎಲೆಕ್ಟ್ರೋಡ್ ಬೇಕು, ಹೆಚ್ಚುಕಡಿಮೆ ಮೂವತ್ತು-ನಲವತ್ತರ ಎರಡೂವರೆ ಸೈಟಿನಷ್ಟು. ಕಾರ್ಖಾನೆಯ ಪಿಇಎಂ ಯಂತ್ರ (ಪ್ರೋಟಾನ್ ಹಾಯಿಸುವ ಪೊರೆಯಿಟ್ಟು ನೀರು ಒಡೆಯುವ ಯಂತ್ರ) ಚದರ ಸೆಂಟಿಮೀಟರಿಗೆ 2 ಆಂಪಿಯರ್‌ನಲ್ಲಿ ಓಡುತ್ತದೆ, ಅದಕ್ಕೆ 1.33 ಚದರ ಮೀಟರ್ ಸಾಕು, ಒಂದು ಬಾಗಿಲಿನಷ್ಟೂ ಅಲ್ಲ. ಫೋನಿನಲ್ಲಿ ಉತ್ತರ ಏನೇ ಬರಲಿ, ಅದನ್ನು ಅವರು ಹುಟ್ಟಿದ ಊರಿನ ಪಕ್ಕದಲ್ಲೇ ಅಚ್ಚು ಹಾಕಿ. ಮರುವರ್ಷ ಅದೇ ವಿಜ್ಞಾನಿ ‘ನಮ್ಮ ಅಳತೆಯಲ್ಲಿ ಕಬ್ಬಿಣ ಸೇರಿತ್ತು’ ಎಂದು ಇನ್ನೊಂದು ಪ್ರಬಂಧ ಬರೆದರೆ, ಅದಕ್ಕೂ ಅಷ್ಟೇ ಅಗಲದ ಕಾಲಂ ಕೊಡಿ.

ತಮ್ಮ ವಿಶ್ವಾಸಿಗಳು,
ಎಲೆಕ್ಟ್ರೋಕೆಮಿಸ್ಟ್ರಿ ಲ್ಯಾಬುಗಳಲ್ಲಿ ಕೆಲಸ ಮಾಡುವ ಕೆಲವರು
ಬೆಂಗಳೂರು