ದಸರಾ ರಜೆಗೆ ಹೊರಡುವವರಿಗೆ

ಎಲ್ಲರಿಗೂ ನಮಸ್ಕಾರ. ರಜೆಗೆ ಸುಮಾರು ಜನ ಊರಿಗೆ, ಪ್ರವಾಸಕ್ಕೆ ಹೊರಟಿದ್ದೀರಿ. ತೂಕ ಇಳಿಸುವ ಆಪರೇಷನ್ ಆದ ಮೇಲೆ ಇದು ಮೊದಲ ರಜೆಯಾದರೆ ದಯವಿಟ್ಟು ಪೂರ್ತಿ ಓದಿ.

ಹೋದ ವರ್ಷ ಮೈಸೂರಿನಲ್ಲಿ ನೆಂಟರ ಮನೆ. ದೊಡ್ಡಮ್ಮ ಪ್ರೀತಿಯಿಂದ ಕೊಟ್ಟರು ಅಂತ ಒಂದು ತುಂಡು ಮೈಸೂರು ಪಾಕ್ ತಿಂದೆ. ನನಗೆ ಆಗಿರೋದು ಗ್ಯಾಸ್ಟ್ರಿಕ್ ಬೈಪಾಸ್, ಅಂದರೆ ಜಠರವನ್ನು ಚಿಕ್ಕದು ಮಾಡಿ ನೇರ ಸಣ್ಣ ಕರುಳಿಗೆ ಜೋಡಿಸುವ ಆಪರೇಷನ್. ಕಾಲು ಗಂಟೆಯೊಳಗೆ ಎದೆ ಡವಡವ, ಮೈಯೆಲ್ಲ ಬೆವರು, ಹೊಟ್ಟೆಯಲ್ಲಿ ನುಲಿತ. ಒಂದು ಗಂಟೆ ಮಲಗಿಯೇ ಇದ್ದೆ. ಇದಕ್ಕೇ ಡಂಪಿಂಗ್ ಅನ್ನೋದು. ಸಿಹಿ ಸರ್ರನೆ ಸಣ್ಣ ಕರುಳಿಗೆ ಇಳಿದರೆ ಹೀಗಾಗುತ್ತದೆ. ಸ್ಲೀವ್, ಅಂದರೆ ಜಠರದ ಬಹುಭಾಗ ಕತ್ತರಿಸಿ ತೆಗೆಯುವ ಆಪರೇಷನ್ ಆದವರಿಗೂ ಆಗಬಹುದು. ಬಡಿಸುವವರಿಗೆ ಮೊದಲೇ ಹೇಳಿಬಿಡಿ, ಸಂಕೋಚ ಬೇಡ. ನಾನು ಈಗ ಚಿಕ್ಕ ತಟ್ಟೆ ಕೇಳಿ ನಾನೇ ಬಡಿಸಿಕೊಳ್ಳುತ್ತೇನೆ.

ಹೋಟೆಲಿನಲ್ಲಿ ಮೊದಲು ಮೊಟ್ಟೆ, ಪನೀರ್, ಮೀನು ಅಥವಾ ಗಟ್ಟಿ ಬೇಳೆ. ಆಮೇಲೆ ಪಲ್ಯ. ಜಾಗ ಉಳಿದರೆ ಅರ್ಧ ಇಡ್ಲಿ. ಬಸ್ ಹೊರಡುತ್ತೆ ಅಂತ ಗಬಗಬ ತಿನ್ನಬೇಡಿ, ಅಲ್ಲೇ ವಾಂತಿ ಶುರುವಾಗೋದು. ಊಟದ ಜೊತೆ ನೀರು ಬೇಡ. ಮುಗಿದು 30 ನಿಮಿಷ ಬಿಟ್ಟು ಗುಟುಕು ಗುಟುಕಾಗಿ ಕುಡಿಯಿರಿ. ಬಿಸಿಲಲ್ಲಿ ಸುತ್ತುವಾಗ ಬಾಟಲಿ ಕೈಯಲ್ಲೇ ಇರಲಿ. ಸೋಡಾ, ಕೋಲಾ ಬೇಡ.

ವಿಟಮಿನ್ ಮಾತ್ರೆ ಬ್ಯಾಗಿಗೆ ಇವತ್ತೇ ಹಾಕಿಕೊಳ್ಳಿ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ 2 ಗಂಟೆ ಅಂತರ ಇರಲಿ. ತಲೆನೋವು ಅಂತ ಐಬುಪ್ರೊಫೆನ್ ನುಂಗಬೇಡಿ, ಹುಣ್ಣಾಗುವ ಅಪಾಯ ಜಾಸ್ತಿ. ನೀರೂ ನಿಲ್ಲದಷ್ಟು ವಾಂತಿಯಾದರೆ ಊರಿಗೆ ಬಂದ ಮೇಲೆ ನೋಡೋಣ ಅನ್ನದೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.