ವಿದ್ಯಾರ್ಥಿಗಳ ಟ್ರೈಲರ್‌ನಲ್ಲಿ ನಮ್ಮೂರಿನ ನಾಳೆ ಕಾಣಲಿ

ಮಾನ್ಯ ಸಂಪಾದಕರೇ,

ನಮ್ಮ ಕಾಲೇಜಿನ ಪತ್ರಿಕೋದ್ಯಮ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗಾಗಿ ಸಿದ್ಧಪಡಿಸಿದ ಡಿಸ್ಟೋಪಿಯನ್ (ಕೆಟ್ಟುಹೋದ ನಾಳಿನ ಸಮಾಜವನ್ನು ಕಲ್ಪಿಸುವ) ಸಿನಿಮಾ ಟ್ರೈಲರ್‌ಗಳನ್ನು ಈಚೆಗೆ ಪಾಲಕರ ಸಭೆಯಲ್ಲಿ ತೋರಿಸಿದಾಗ, ‘ಊರು ಹಾಳಾಗುವ ಕಥೆಯನ್ನು ಮಕ್ಕಳ ಕೈಯಲ್ಲಿ ಯಾಕೆ ಮಾಡಿಸುತ್ತೀರಿ, ಐಹೊಳೆ, ಪಟ್ಟದಕಲ್ಲಿನ ಮೇಲೆ ಒಂದು ಚೆಂದದ ವಿಡಿಯೊ ಮಾಡಿಸಬಾರದೇ’ ಎಂಬ ಆಕ್ಷೇಪ ಕೇಳಿಬಂತು. ಕೇಳಿದವರ ಕಾಳಜಿಯನ್ನು ಗೌರವಿಸುತ್ತಲೇ, ಇಂಥ ಪ್ರಾಜೆಕ್ಟ್ ನಮ್ಮ ಭಾಗದ ಕಾಲೇಜುಗಳಲ್ಲಿ ಇನ್ನಷ್ಟು ನಡೆಯಬೇಕೆಂದು, ಆದರೆ ಅದರೊಳಗಿನ ನಾಳೆ ನಮ್ಮದೇ ನೆಲದ್ದಾಗಿರಬೇಕೆಂದು ಹೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಬರಬಹುದಾದ ಕೆಡುಕನ್ನು ಮುಂಚೆಯೇ ನುಡಿಯುವುದು ನಮ್ಮವರಿಗೆ ಹೊಸದೇನಲ್ಲ. ಬಬಲಾದಿಯ ಕಾಲಜ್ಞಾನವನ್ನು, ಮೈಲಾರದ ಕಾರಣಿಕವನ್ನು ಕೇಳಲು ಇಂದಿಗೂ ಜನ ಸೇರುತ್ತಾರೆ. ಕೇಳಿದ ಮೇಲೆ ಮಳೆ, ಬೆಳೆ, ಆಳುವವರು ಹೀಗೆ ಎಲ್ಲದರ ಬಗೆಗೂ ಊರ ಕಟ್ಟೆಯ ಮೇಲೆ ಕೂತು ಮಾತಾಡುತ್ತಾರೆ. ಅದನ್ನು ಅಪಶಕುನವೆಂದು ಯಾರೂ ಕಿವಿ ಮುಚ್ಚಿಕೊಳ್ಳುವುದಿಲ್ಲ. ಹಾಗಿರುವಾಗ ಇಪ್ಪತ್ತು ವರ್ಷದ ಮಕ್ಕಳು ಕ್ಯಾಮೆರಾ ಹಿಡಿದು ಅದೇ ಕೆಲಸ ಮಾಡಿದರೆ ಅಂಜುವುದೇಕೆ?

ಬಾಗಲಕೋಟೆಯ ಮಟ್ಟಿಗಂತೂ ಈ ವಿಷಯ ದೂರದ ಕಲ್ಪನೆಯಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಘಟಪ್ರಭೆಯ ದಂಡೆಯ ಹಳೇ ಊರಿನೊಳಗೆ ಬಂತು, ಓಣಿಗಳು ಖಾಲಿಯಾದವು, ನವನಗರ ಎದ್ದಿತು. ಈಗ ಜಲಾಶಯದಲ್ಲಿ ನೀರು ನಿಲ್ಲುತ್ತಿರುವುದು 519.60 ಮೀಟರ್ ಮಟ್ಟಕ್ಕೆ, ಅದನ್ನು 524.256 ಮೀಟರ್‌ಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ಕೊಟ್ಟಿದೆ. ನಡುವಿನ ಆ ನಾಲ್ಕೂವರೆ ಮೀಟರಿನಲ್ಲಿ ಯಾರ ಹೊಲ, ಯಾರ ಮನೆ ಇವೆ ಎಂಬುದು ಮುಳುಗಡೆ ಹಳ್ಳಿಗಳಿಂದ ಬಸ್ಸು ಹಿಡಿದು ಕಾಲೇಜಿಗೆ ಬರುವ ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು. ಮೇಲಾಗಿ 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನೀರು ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ ಅಥವಾ ಮನೆಯವರ ಮೊಬೈಲಿನಲ್ಲಿ ನೋಡಿದ್ದಾರೆ. ಪ್ರವಾಸಿ ವಿಡಿಯೊ ಮಾಡಿಸಿ ಎಂದವರು ಹೆಸರಿಸಿದ ಊರೇ ಅದು.

ಇಷ್ಟೆಲ್ಲ ಕಣ್ಣೆದುರಿಗಿದ್ದೂ, ವಿದ್ಯಾರ್ಥಿಗಳು ಮೊದಲು ತಂದ ಕಥಾಹಂದರಗಳಲ್ಲಿ ಇದ್ದದ್ದು ಗಗನಚುಂಬಿ ಕಟ್ಟಡಗಳ ಅವಶೇಷ, ಗ್ಯಾಸ್ ಮಾಸ್ಕ್, ಸೈರನ್ ಮತ್ತು ಇಂಗ್ಲಿಷಿನಲ್ಲಿ ಗುಡುಗುವ ಹಿನ್ನೆಲೆ ಧ್ವನಿ. ಕೃತಕ ಬುದ್ಧಿಮತ್ತೆಯ ಆ್ಯಪ್‌ಗೆ ‘ಹಾಳಾದ ನಗರ’ ಎಂದು ಕೇಳಿ ಪಡೆದ ಚಿತ್ರಗಳಲ್ಲಿ ಒಂದು ತಗಡಿನ ಶೆಡ್ಡಾಗಲಿ, ಒಂದು ಜಾಲಿಗಿಡವಾಗಲಿ ಇರಲಿಲ್ಲ. ತಪ್ಪು ಮಕ್ಕಳದಲ್ಲ, ಅವರಿಗೆ ಸಿಕ್ಕ ಮಾದರಿಗಳೇ ಹಾಗಿವೆ. ಆದರೆ ಆ ಚಿತ್ರಗಳನ್ನು ಅಲ್ಲಿಗೇ ಒಪ್ಪಿಕೊಂಡು ಅಂಕ ಕೊಟ್ಟು ಕಳಿಸುವುದು ಅಧ್ಯಾಪಕರಿಗೆ ಶೋಭೆಯಲ್ಲ. ನೆರೆ, ಬರ, ಭೂಕಂಪಗಳನ್ನು ತೋರಿಸಿದ ಮಾತ್ರಕ್ಕೆ ಡಿಸ್ಟೋಪಿಯಾ ಆಗುವುದಿಲ್ಲ, ಅವು ವಿಪತ್ತುಗಳಷ್ಟೇ. ವಿಪತ್ತಿನ ನಂತರ ಮನುಷ್ಯರು ಕಟ್ಟಿಕೊಂಡ ವ್ಯವಸ್ಥೆಯಲ್ಲಿ ನೀರಿನ ಕೀಲಿ ಯಾರ ಕೈಯಲ್ಲಿದೆ, ಸಾಲಿನಿಂದ ಯಾರನ್ನು ಹೊರಗಿಡಲಾಗಿದೆ, ಹೊರಗಿಟ್ಟವರು ಅದಕ್ಕೆ ಯಾವ ಕಾನೂನನ್ನು ಓದಿ ಹೇಳುತ್ತಾರೆ ಎಂಬುದು ಕಂಡಾಗ ಮಾತ್ರ ನೋಡುವವರಿಗೆ ಅದು ನಿಜವಾಗಿ ತಟ್ಟುತ್ತದೆ. ಈ ಪ್ರಶ್ನೆಗಳನ್ನು ಕೇಳಿಸಿಕೊಂಡ ಮೇಲೆ ಒಂದು ತಂಡ ತನ್ನ ಇಡೀ ಸ್ಟೋರಿಬೋರ್ಡನ್ನು (ದೃಶ್ಯಗಳನ್ನು ಮೊದಲೇ ಚಿತ್ರಗಳಲ್ಲಿ ಬರೆದುಕೊಂಡ ಯೋಜನೆಯನ್ನು) ಬದಲಿಸಿತು.

ಆ ತಂಡದ ಟ್ರೈಲರ್ ನಡೆಯುವುದು 2061ರಲ್ಲಿ. ಹೆಬ್ಬೆರಳು ಒತ್ತಿದರೆ ಮಾತ್ರ ಒಂದು ಕೊಡ ನೀರು ಬಿಡುವ ಯಂತ್ರ, ಅದರ ಮುಂದೆ ಉದ್ದದ ಪಾಳಿ. ಇಳಕಲ್ಲ ಸೀರೆಯ ಒಬ್ಬ ಅಜ್ಜಿ ಬೆರಳು ಒತ್ತುತ್ತಾಳೆ. ದುಡಿದು ದುಡಿದು ಗೆರೆ ಸವೆದ ಆ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಆಕೆ ಬೆರಳನ್ನು ಸೆರಗಿಗೆ ಒರೆಸಿ, ಬಾಯಿಯ ಆವಿ ಹಾಕಿ ಮತ್ತೆ ಒತ್ತುತ್ತಾಳೆ, ಕೆಂಪು ದೀಪವೇ ಉರಿಯುತ್ತದೆ. ‘ಯಪ್ಪಾ, ಬೆರಳು ನಂದ ಐತಿ, ಇನ್ನೊಮ್ಮೆ ನೋಡು’ ಎಂಬ ಒಂದೇ ಮಾತು ಇಡೀ ಟ್ರೈಲರ್‌ನಲ್ಲಿದೆ. ಪಡಿತರ ಅಂಗಡಿಯ ಮುಂದೆ ಇದೇ ಮಾತನ್ನು ಇಂದು ಕೇಳಿದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ನಾಳೆಯ ಕಥೆಗೆ ಬೇಕಾದ ಬೀಜ ಇವತ್ತಿನ ಒಂದು ಪಾಳಿಯಲ್ಲೇ ಸಿಕ್ಕಿತು. ಹಿನ್ನೆಲೆಗೆ ಸಂಗೀತವನ್ನು ಎಲ್ಲಿಂದಲೂ ಎತ್ತದೆ, ನೀರಿಲ್ಲದೆ ಒಣಗಿ ಓಡುವ ಬೋರ್‌ವೆಲ್ ಮೋಟಾರಿನ ಸದ್ದನ್ನು ಮೊಬೈಲಿನಲ್ಲಿ ಹಿಡಿದು, ನಿಧಾನಗೊಳಿಸಿ ಬಳಸಿದ್ದರು. ಕೊನೆಯಲ್ಲಿ ಅದು ಥಟ್ಟನೆ ನಿಂತಾಗ ಸಭಾಂಗಣದಲ್ಲಿದ್ದ ಒಕ್ಕಲುತನದ ಮನೆಯವರಿಗೆ ಅದರ ಅರ್ಥವನ್ನು ಯಾರೂ ವಿವರಿಸಬೇಕಾಗಲಿಲ್ಲ.

ಪಠ್ಯದ ದೃಷ್ಟಿಯಿಂದಲೂ ಟ್ರೈಲರ್ ಒಳ್ಳೆಯ ಅಭ್ಯಾಸ. ಎರಡೂವರೆ ನಿಮಿಷದಲ್ಲಿ ಒಂದು ಲೋಕವನ್ನು ಕಟ್ಟಿ, ಅದರ ನಿಯಮವನ್ನು ತಿಳಿಸಿ, ಕಥೆಯ ಮುಕ್ತಾಯವನ್ನು ಮಾತ್ರ ಬಿಟ್ಟುಕೊಡದೆ ನಿಲ್ಲಿಸಬೇಕೆಂದರೆ ಪ್ರತಿಯೊಂದು ಶಾಟ್ ಯಾಕಿದೆ ಎಂಬುದಕ್ಕೆ ಕಾರಣ ಹೇಳಲೇಬೇಕಾಗುತ್ತದೆ. ಸಂಕಲನಕ್ಕೆ ದುಬಾರಿ ಸಲಕರಣೆಯೂ ಬೇಡ, ಡಾವಿಂಚಿ ರಿಸಾಲ್ವ್‌ನಂಥ ತಂತ್ರಾಂಶದ ಉಚಿತ ಆವೃತ್ತಿಯೇ ಸಾಕು.

ಒಂದು ವಿಷಯದಲ್ಲಿ ಮಾತ್ರ ಬಹಳ ಬಿಗಿಯಾಗಿರಬೇಕು. ಮಳೆಗಾಲದಲ್ಲಿ ‘ಡ್ಯಾಂ ಒಡೆಯಿತು’ ಎಂಬ ಒಂದು ಸುಳ್ಳು ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹರಿದರೆ ನದಿ ದಂಡೆಯ ಹಳ್ಳಿಗಳಲ್ಲಿ ರಾತ್ರೋರಾತ್ರಿ ಜನ ಗಂಟುಮೂಟೆ ಕಟ್ಟುತ್ತಾರೆ. ಆದ್ದರಿಂದ ಟ್ರೈಲರ್‌ನಲ್ಲಿ ಸುದ್ದಿವಾಹಿನಿಗಳ ಲಾಂಛನವನ್ನಾಗಲಿ, ಅಧಿಕಾರಿಗಳ ಅಣಕು ಪ್ರಕಟಣೆಯನ್ನಾಗಲಿ ಬಳಸಕೂಡದು. ‘ಕಾಲ್ಪನಿಕ’ ಎಂಬ ಪದ ಮೊದಲ ಫ್ರೇಮಿನಲ್ಲಿದ್ದರೆ ಸಾಲದು, ಯಾರಾದರೂ ನಡುವಿನ ಹತ್ತು ಸೆಕೆಂಡು ಕತ್ತರಿಸಿ ಹಂಚಿದರೂ ಕಾಣುವಂತೆ ಪರದೆಯ ಮೂಲೆಯಲ್ಲಿ ಕೊನೆಯವರೆಗೂ ಇರಬೇಕು. ಹಾಗೆಯೇ ನಿಜವಾದ ಸಂತ್ರಸ್ತರ ಅಳುವನ್ನು ಹಳೇ ವಿಡಿಯೊಗಳಿಂದ ಎತ್ತಿ ನಮ್ಮ ಕಥೆಗೆ ಅಂಟಿಸುವುದು ಅನ್ಯಾಯ. ಅವರನ್ನು ಕಂಡು, ಕೇಳಿ, ಒಪ್ಪಿಗೆ ಪಡೆದು ಮುಂದುವರಿಯುವ ತಾಳ್ಮೆಯನ್ನು ಪ್ರಾಜೆಕ್ಟಿನ ಅಂಕಗಳಲ್ಲೇ ಸೇರಿಸಬೇಕು.

ಚಿತ್ರೀಕರಣದ ಅನುಮತಿ ವಿದ್ಯಾರ್ಥಿಗಳಿಗೆ ದೊಡ್ಡ ತೊಡಕಾಗಿದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲು, ವಿಜಯಪುರದ ಗೋಳಗುಮ್ಮಟಗಳು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿವೆ. ಅಣೆಕಟ್ಟೆಯ ಸುತ್ತ ಭದ್ರತೆಯ ನಿಯಮಗಳಿವೆ. ಆ ನಿಯಮಗಳು ಇರಲೇಬೇಕು, ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ. ಆದರೆ ಯಾವ ಜಾಗಕ್ಕೆ ಯಾವ ಕಚೇರಿಗೆ ಅರ್ಜಿ ಕೊಡಬೇಕೆಂಬುದೇ ತಿಳಿಯದೆ ಮಕ್ಕಳು ಮೇಜಿನಿಂದ ಮೇಜಿಗೆ ಅಲೆದು ಕೊನೆಗೆ ಕಾಲೇಜಿನ ತಾರಸಿಯ ಮೇಲೆ ಚಿತ್ರೀಕರಿಸಿ ಮುಗಿಸುತ್ತಾರೆ. ಹಿನ್ನೀರು ಸರಿದು ಹಳೇ ನೆಲ ಕಾಣುವುದು ಬೇಸಿಗೆಯಲ್ಲಿ. ಪರೀಕ್ಷೆ, ಪ್ರಾಜೆಕ್ಟ್ ಗಡುವುಗಳೂ ಆಗಲೇ ಬರುತ್ತವೆ. ಹೀಗಾಗಿ ವಿದ್ಯಾರ್ಥಿ ಚಿತ್ರೀಕರಣದ ಅರ್ಜಿಗಳನ್ನು ಜನವರಿಯಲ್ಲೇ ಒಂದು ಕಡೆ ಸ್ವೀಕರಿಸಿ, ಸಂಬಂಧಿಸಿದ ಇಲಾಖೆಗಳಿಗೆ ತಾನೇ ಕಳುಹಿಸಿ, ಫೆಬ್ರುವರಿಯೊಳಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಕೊಡುವ ಏರ್ಪಾಡನ್ನು ಬಾಗಲಕೋಟೆ ಜಿಲ್ಲಾಡಳಿತ ಮಾಡಬೇಕೆಂದೂ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಮೊದಲಾದವು ಇಂಥ ಕನ್ನಡ ಟ್ರೈಲರ್‌ಗಳಿಗೆ ವರ್ಷಕ್ಕೊಮ್ಮೆ ಒಟ್ಟಾಗಿ ಪ್ರದರ್ಶನ ಏರ್ಪಡಿಸಿ, ಅದಕ್ಕೆ ಪುನರ್ವಸತಿ ಕೇಂದ್ರಗಳ ಹಿರಿಯರನ್ನೂ ಕರೆಯಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ಒಬ್ಬ ಅಧ್ಯಾಪಕಿ, ನವನಗರ, ಬಾಗಲಕೋಟೆ